ಪಕ್ಕದ ತೋಟದ ಸೋಲಾರ್ ಬೇಲಿ ಮತ್ತು ಗೇಮ್ ಥಿಯರಿ

ಪ್ರಶ್ನೆ – ಸಕಲೇಶಪುರದ ಬೆಳೆಗಾರ
ನಮ್ಮದು ಸಣ್ಣ ಕಾಫಿ ತೋಟ. ಮೇಲಿನ ತೋಟದವರು ಸೋಲಾರ್ ಬೇಲಿ ಹಾಕಿಸಿದಂದಿನಿಂದ ಆನೆಗಳು ನಮ್ಮಲ್ಲೇ ಹಾದುಹೋಗುತ್ತಿವೆ. ಹಲಸಿನ ಮರದ ಬುಡದಲ್ಲಿ ಹದಿನೈದು ರೋಬಸ್ಟಾ ಗಿಡಗಳು ನೆಲಸಮವಾದವು. ನಾನೂ ಬೇಲಿ ಹಾಕಿಸಿದರೆ ಅವು ಕೆಳಗಿನವರ ತೋಟಕ್ಕೆ ಇಳಿಯುತ್ತವೆ. ಇದು ಗೇಮ್ ಥಿಯರಿಯ ‘ಕೈದಿಗಳ ಸಂದಿಗ್ಧ’, ಅಂದರೆ ತಂತಮ್ಮ ಲಾಭವನ್ನಷ್ಟೇ ನೋಡಿಕೊಂಡು ಕೊನೆಗೆ ಇಬ್ಬರೂ ಸೋಲುವ ಆಟ ಎಂದು ಮಗಳು ಹೇಳುತ್ತಾಳೆ. ಹೌದಾದರೆ, ಹೊರಬರುವ ದಾರಿಯನ್ನೂ ಆ ಲೆಕ್ಕ ತೋರಿಸುತ್ತದೆಯೇ?

ಉತ್ತರ – ಹಾಸನದ ಅರ್ಥಶಾಸ್ತ್ರ ಉಪನ್ಯಾಸಕ
ಮಗಳು ಹೇಳಿದ್ದು ಸರಿಯಾಗಿದೆ. ಅಂಕಿಗಳನ್ನು ಸುಮ್ಮನೆ ಊಹಿಸಿಕೊಳ್ಳೋಣ. ಇಬ್ಬರೂ ಬೇಲಿ ಹಾಕದಿದ್ದರೆ ತಲಾ 2 ಲಕ್ಷ ನಷ್ಟ. ಒಬ್ಬರೇ ಹಾಕಿದರೆ ಅವರಿಗೆ ಬೇಲಿಯ ಖರ್ಚು 1 ಲಕ್ಷ, ಇನ್ನೊಬ್ಬರಿಗೆ 4 ಲಕ್ಷ ನಷ್ಟ. ಇಬ್ಬರೂ ಹಾಕಿದರೆ ಆನೆ ಬೇಲಿ ಮುರಿದು ನುಗ್ಗುವುದರಿಂದ ಖರ್ಚೂ ಸೇರಿ ತಲಾ 3 ಲಕ್ಷ. ನೆರೆಯವರು ಏನೇ ಮಾಡಲಿ, ಬೇಲಿ ಹಾಕುವುದೇ ನಿಮಗೆ ಲಾಭ, ಅವರಿಗೂ ಹಾಗೆಯೇ. ಆದ್ದರಿಂದ ಇಬ್ಬರೂ ಬೇಲಿ ಹಾಕಿ, ಹಾಕದೆ ಇದ್ದಿದ್ದಕ್ಕಿಂತ ಹೆಚ್ಚು ಕಳೆದುಕೊಳ್ಳುತ್ತಾರೆ. ನ್ಯಾಶ್ ಸಮತೋಲನವೆಂದರೆ ಇದೇ: ಒಬ್ಬರೇ ಹಿಂದೆ ಸರಿದರೆ ಅವರಿಗೇ ನಷ್ಟ. ಆದರೆ ಇದು ಆಟವನ್ನು ಒಂದೇ ಸಲ ಆಡಿದಾಗಿನ ಮಾತು. ನೆರೆಹೊರೆಯವರು ಪ್ರತಿ ವರ್ಷವೂ ಎದುರಾಗುವುದರಿಂದ, ಇಂದಿನ ವಂಚನೆಗೆ ನಾಳೆ ಬೆಲೆ ತೆರಬೇಕಾಗುತ್ತದೆ ಎಂಬ ಅಂಜಿಕೆಯೇ ಸಹಕಾರವನ್ನು ಹಿಡಿದಿಡಬಲ್ಲದು. ಸ್ಥಳೀಯರೇ ನಿಯಮ ಮಾಡಿ, ತಾವೇ ಕಾವಲಿದ್ದರೆ ಸಾಮೂಹಿಕ ಸಂಪತ್ತು ಉಳಿಯುತ್ತದೆಂದು ತೋರಿಸಿದ ಎಲಿನೊರ್ ಆಸ್ಟ್ರೊಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದಿದೆ.

ಉತ್ತರ – ಆಲೂರು ಕಡೆಯವರು
ಉಪನ್ಯಾಸಕರ ಲೆಕ್ಕದಲ್ಲಿ ಆನೆಯು ಮಳೆಯಂತೆ ಸುಮ್ಮನೆ ಬಂದುಹೋಗುತ್ತದೆ. ಅದೂ ಒಬ್ಬ ಆಟಗಾರ, ಮತ್ತು ಕಲಿಯುತ್ತದೆ. ದಂತಕ್ಕೆ ಶಾಕ್ ತಗಲುವುದಿಲ್ಲವೆಂದು ಅರಿತ ಗಂಡಾನೆ ತಂತಿಯನ್ನು ದಂತದಿಂದಲೇ ಎತ್ತಿ ಒಳನುಗ್ಗುತ್ತದೆ. ಹೈಕೋರ್ಟ್ ನೇಮಿಸಿದ್ದ ಆನೆ ಕಾರ್ಯಪಡೆ 2012ರ ವರದಿಯಲ್ಲಿ ಆನೆಗಳ ಸಂರಕ್ಷಣೆ, ಮನುಷ್ಯರೊಂದಿಗೆ ಸಹಬಾಳ್ವೆ, ಆನೆಗಳ ತೆರವು ಎಂದು ಮೂರು ವಲಯಗಳನ್ನು ಸೂಚಿಸಿತು. 2014ರಲ್ಲಿ ನಮ್ಮ ಭಾಗದಿಂದ 20ಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಒಯ್ದರು, ಆದರೂ ಆನೆಗಳ ಓಡಾಟ ನಿಲ್ಲಲಿಲ್ಲ. ಇನ್ನೊಂದು ಮಾತು: ನಮ್ಮ ವಾಟ್ಸಾಪ್ ಗುಂಪಿನಲ್ಲಿ ಕೆಲವರು ತಮ್ಮ ತೋಟದಲ್ಲಿ ಆನೆಯಿದ್ದರೂ ತಿಳಿಸುವುದಿಲ್ಲ, ಮರುದಿನ ಆಳುಗಳು ಬರುವುದಿಲ್ಲವೆಂಬ ಭಯಕ್ಕೆ. ಬೇಲಿಗಿಂತ ಈ ಮೌನವೇ ದೊಡ್ಡ ವಂಚನೆ.

ಉತ್ತರ – ಉಪನ್ಯಾಸಕ
ಒಪ್ಪುತ್ತೇನೆ. ಹಾಗಾದರೆ ಮನೆ, ಕಣ ಮತ್ತು ಗದ್ದೆಗಷ್ಟೇ ಬೇಲಿ ಹಾಕಿ, ಆನೆಯ ದಾರಿಯನ್ನು ಬಿಟ್ಟು, ಆ ದಾರಿ ಯಾರ ತೋಟದಲ್ಲಿದೆಯೋ ಅವರ ನಷ್ಟವನ್ನು ಉಳಿದವರು ಹಂಚಿಕೊಳ್ಳಬೇಕು. ಆ ಪರಿಹಾರವಿಲ್ಲದೆ ಒಪ್ಪಂದ ಒಂದು ಸುಗ್ಗಿಯೂ ಬಾಳುವುದಿಲ್ಲ.

ಪ್ರಶ್ನೆ ಕೇಳಿದವರು
ಧನ್ಯವಾದಗಳು. ಕೆಳಗಿನ ತೋಟದವರು ಒಪ್ಪಿದ್ದಾರೆ. ಬೇಲಿ ಹಾಕಿಸಿದ ಮೇಲಿನವರು ಬೆಂಗಳೂರಿನಲ್ಲಿರುತ್ತಾರೆ, ಇಲ್ಲಿಗೆ ಬರುವುದು ಕಾಫಿ ಕುಯ್ಲಿಗೆ ಮಾತ್ರ. ಅವರಿಗೆ ನಾಳೆ ಎದುರಾಗುವ ನೆರೆಯವನು ನಾನಲ್ಲ. ಮೂರು ಸಲ ಫೋನ್ ಮಾಡಿದೆ, ಎತ್ತಿಲ್ಲ.