ಕೀ ತಿರುಗಿಸಿದರೆ ಬರೀ ‘ಟಕ್’: ಹಳೇ ಔಟ್‌ಬೋರ್ಡ್ ಬಗ್ಗೆ ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಾವು ಕಾರವಾರದ ಕಡೆಯವರು, ಈಗ ಗೋವಾದ ಬೇತುಲ್‌ನಲ್ಲಿದ್ದೇವೆ. ಅಣ್ಣನ ಬೋಟಿಗೆ 40 ಎಚ್‌ಪಿ ಟೂ-ಸ್ಟ್ರೋಕ್ ಔಟ್‌ಬೋರ್ಡ್ (ಬೋಟಿನ ಹಿಂಬದಿಗೆ ಕೂರಿಸುವ ಎಂಜಿನ್) ಇದೆ, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಹದಿನೈದು ದಿನದಿಂದ ಕೀ ತಿರುಗಿಸಿದರೆ ಒಮ್ಮೆ ಸ್ಟಾರ್ಟ್ ಆಗುತ್ತೆ, ಒಮ್ಮೆ ಬರೀ ‘ಟಕ್’ ಅನ್ನುತ್ತೆ, ಒಮ್ಮೆ ಅದೂ ಇಲ್ಲ. ಮೊನ್ನೆ ಸಾಳ ನದಿ ಬಾಯಲ್ಲಿ ಇಳಿತದ ಹೊತ್ತಿಗೆ ಕೈಕೊಟ್ಟಿತು. ಹುಟ್ಟು ಹಾಕಿಕೊಂಡು ದಡ ಸೇರಿದೆವು. ಅವತ್ತಿಂದ ಅತ್ತಿಗೆಗೆ ನಿದ್ದೆ ಇಲ್ಲ.

ಬ್ಯಾಟರಿ ಸರಿ ಇದೆ, 12.6 ವೋಲ್ಟ್. ಫ್ಯೂಸ್ ಹೊಸದು. ಹಾರ್ನೆಸ್ (ವೈರ್‌ಗಳ ಕಟ್ಟು) ಪ್ಲಗ್ಗಿನಲ್ಲಿ ಹಸಿರು ಕಿಲುಬು ಕಟ್ಟಿತ್ತು, ಉಜ್ಜಿ ತೆಗೆದೆ. ಸ್ಟಾರ್ಟರ್ ಮೋಟರಿಗೆ ಕರೆಂಟ್ ಬಿಡುವ ಸ್ವಿಚ್ಚು, ಅಂದರೆ ಸೊಲೆನಾಯ್ಡಿನ ಎರಡು ದಪ್ಪ ಬೋಲ್ಟ್ ನೇರವಾಗಿ ಜೋಡಿಸಿದರೆ ಸ್ಟಾರ್ಟರ್ ಜೋರಾಗಿ ತಿರುಗುತ್ತೆ, ಅಂದರೆ ಮೋಟರಿನ ತಪ್ಪಲ್ಲ. ಕಂಟ್ರೋಲ್ ಬಾಕ್ಸಿನ ನ್ಯೂಟ್ರಲ್ ಸ್ವಿಚ್ಚನ್ನೂ (ಗೇರಲ್ಲಿದ್ದಾಗ ಸ್ಟಾರ್ಟ್ ಆಗದಂತೆ ತಡೆಯೋದು) ಬೈಪಾಸ್ ಮಾಡಿ ನೋಡಿದೆ, ತೊಂದರೆ ಹಾಗೇ ಇದೆ. (ಗೇರಲ್ಲೇ ಸ್ಟಾರ್ಟ್ ಆದರೆ ಜೀವಕ್ಕೇ ಅಪಾಯ, ಅದಕ್ಕೆ ನೋಡಿದ ತಕ್ಷಣ ವಾಪಸ್ ಹಾಕಿದೆ.)

ತಲೆ ಕೆಟ್ಟಿದ್ದು ಇಲ್ಲಿ. ಸೊಲೆನಾಯ್ಡಿಗೆ ಬರುವ ಸಣ್ಣ ಸ್ಟಾರ್ಟ್ ವೈರ್ ಬಿಚ್ಚಿ, ಕೀ ತಿರುಗಿಸಿ ಅಳೆದರೆ 12.4 ತೋರಿಸುತ್ತೆ. ಅದೇ ವೈರ್ ಜೋಡಿಸಿ ಅಳೆದರೆ 7ಕ್ಕೆ ಇಳಿಯುತ್ತೆ. ಥ್ರಾಟಲ್ ಲಿವರ್ ಸ್ವಲ್ಪ ಅಲುಗಾಡಿಸಿದರೆ ಕೆಲವೊಮ್ಮೆ ಸರಿಹೋಗುತ್ತೆ.

ಇದು ಕೀ ಸ್ವಿಚ್ಚಿನ ಒಳಗಿನ ಸವೆತವೋ, ಬಾಕ್ಸಿನ ಹಿಂದೆ ವೈರ್ ಒಳಗೊಳಗೇ ತುಂಡಾಗಿದೆಯೋ? ಹಾರ್ನೆಸ್ ಪೂರ್ತಿ ಬಿಚ್ಚದೆ, ಮಲ್ಟಿಮೀಟರಿನಲ್ಲಿ ಎಲ್ಲಿಂದ ಎಲ್ಲಿಗೆ ಅಳೆದರೆ ಖಚಿತವಾಗಿ ಗೊತ್ತಾಗುತ್ತೆ? ಗೊತ್ತಿದ್ದವರು ದಯವಿಟ್ಟು ಹೇಳಿ.