ಹಗುರ ಕ್ಯಾಟಮರಾನ್ ಇಟ್ಟುಕೊಂಡವರು ಅನುಭವ ಹೇಳಿ

ಹೊಸ ಹಾಯಿ: 12 ಮೀಟರಿನ ಎರಡು ಕ್ಯಾಟಮರಾನ್, ಅಂದರೆ ಎರಡು ಒಡಲಿನ ಹಾಯಿದೋಣಿ, ನೋಡಿಟ್ಟಿದ್ದೇವೆ. ಒಂದು ಫೋಮ್ ಕೋರ್ (ಫೈಬರ್ ಪದರಗಳ ಮಧ್ಯೆ ಫೋಮ್), ಎಪಾಕ್ಸಿ ಅಂಟು, ಖಾಲಿ ತೂಕ 6 ಟನ್. ಇನ್ನೊಂದು 10 ಟನ್, ಗಟ್ಟಿಮುಟ್ಟು, ಬೆಲೆನೂ ಕಡಿಮೆ. ಓಡಿಸೋರು ನಾವಿಬ್ಬರೇ, ಜೊತೆಗೆ ಒಂದು ನಾಯಿ. ಹಗುರ ಅನ್ನೋ ಒಂದೇ ಕಾರಣಕ್ಕೆ ಅಷ್ಟು ದುಡ್ಡು ಸುರಿಯಬಹುದಾ? ನಾಯಿ ಜಾರದ ಹಾಗೆ ಡೆಕ್‌ಗೆ ಏನು ಹಾಕಬೇಕು ಅಂತಾನೂ ಹೇಳಿ.

ಕೆಜಿ ಲೆಕ್ಕ: ಕಣ್ಣು ಮುಚ್ಚಿ ಹಗುರದ್ದು ತಗೊಳ್ಳಿ. ತೂಕ ಇಳಿದರೆ ಚಿಕ್ಕ ಹಾಯಿ ಸಾಕು, ಹಾಯಿ ಚಿಕ್ಕದಾದರೆ ಮಾಸ್ಟ್ (ಹಾಯಿಕಂಬ), ವಿಂಚ್ (ಹಗ್ಗ ಎಳೆಯೋ ರಾಟೆ), ಹಗ್ಗ ಎಲ್ಲಾ ಒಂದೊಂದು ಸೈಜ್ ಇಳಿಯುತ್ತವೆ, ಎಂಜಿನ್ ಕೂಡ. 8 ನಾಟ್ ಮೆಲುಗಾಳಿಗೆ ಉಳಿದವರು ಡೀಸೆಲ್ ಸುಡುತ್ತಿದ್ದರೆ ನಾನು ಹಾಯಿಯಲ್ಲೇ ಹೋಗುತ್ತಿರುತ್ತೇನೆ. ಆದರೆ ನಾನು ಮಾಡಿದ ತಪ್ಪು ಕೇಳಿ. ಮೊದಲ ವರ್ಷ ಜನರೇಟರ್, ನಾಲ್ಕು ಡೈವಿಂಗ್ ಸಿಲಿಂಡರ್, ಬಟ್ಟೆ ಒಗೆಯೋ ಮೆಷಿನ್, ಬೇಕಾಗಬಹುದು ಅಂತ ಎರಡು ಪೆಟ್ಟಿಗೆ ಬಿಡಿಭಾಗ, ಹೀಗೆ ತುಂಬಿಸುತ್ತಾ ಹೋದೆ. ಒಂದು ದಿನ ಪಟ್ಟಿ ಬರೆದು ಕೂಡಿಸಿದೆ. 1,400 ಕೆಜಿ! ದೋಣಿ 7 ಸೆಂ.ಮೀ. ಕೂತುಬಿಟ್ಟಿತ್ತು. ಅಷ್ಟಕ್ಕೇ ಎರಡು ಒಡಲು ಸೇರಿಸೋ ಬ್ರಿಜ್‌ಡೆಕ್ ತಳಕ್ಕೆ ಅಲೆ ಗುದ್ದೋಕೆ ಶುರು. ಒಂದೊಂದು ಏಟಿಗೂ ಮೇಜಿನ ಮೇಲಿನ ಲೋಟ ಎಗರುತ್ತಿತ್ತು. ಆಮೇಲೆ ಒಂದೊಂದೇ ಇಳಿಸಿದೆ. ಲಂಗರಿನ ಸರಪಳಿ 70 ಮೀಟರ್, 10 ಮಿ.ಮೀ. ಇತ್ತು, ಸುಮಾರು 160 ಕೆಜಿ. ಹೆಚ್ಚು ಗಟ್ಟಿ ಉಕ್ಕಿನ 8 ಮಿ.ಮೀ. ಹಾಕಿದೆ, 100 ಕೆಜಿ. ಸೀಸದ ಬ್ಯಾಟರಿ ನಾಲ್ಕೂ ಸೇರಿ 116 ಕೆಜಿ, ಲಿಥಿಯಂ ಹಾಕಿದ ಮೇಲೆ 48. ಹೆಂಡತಿಯ ಹೊಲಿಗೆ ಮೆಷಿನ್ ಮಾತ್ರ ಹಾಗೇ ಇದೆ. ಅದರ ತೂಕ ಪಟ್ಟಿಯಲ್ಲಿ ಬರೆಯೋಕೂ ಬಿಟ್ಟಿಲ್ಲ.

ಒದ್ದೆ ಡೆಕ್: ಹಗುರ ಹಗುರ ಅಂತ ನಾನೂ ಹಾರಾಡಿದವನೇ. ನನ್ನದು ಬಾಲ್ಸಾ ಕೋರ್, ಫೈಬರ್ ಮಧ್ಯೆ ಹಗುರ ಬಾಲ್ಸಾ ಮರ. ಹಿಂದಿನ ಮಾಲೀಕ ರೇಲಿಂಗ್ ಕಂಬ ಕೂರಿಸೋಕೆ ತೂತು ಕೊರೆದು ಸುಮ್ನೆ ಸೀಲೆಂಟ್ ಬಳಿದಿದ್ದ. ಸರ್ವೆಗೆ ಬಂದವರು ಡೆಕ್ ಚೆನ್ನಾಗಿದೆ ಅಂತ ಬರೆದುಕೊಟ್ಟರು. ಎರಡೇ ವರ್ಷಕ್ಕೆ ಕಾಲಿಟ್ಟರೆ ಮೆತ್ತಗೆ. ಸುತ್ತಿಗೆ ಹಿಡಿಯಲ್ಲಿ ತಟ್ಟಿ ನೋಡಿದೆ. ಟಣ್ ಅನ್ನಬೇಕಾದ ಜಾಗದಲ್ಲಿ ದಪ್ ದಪ್. ಮೇಲಿನ ಪದರ ಕೊಯ್ದರೆ ಒಳಗೆ ಕಪ್ಪು ರಾಡಿ, ಕೈಯಲ್ಲಿ ಹಿಂಡಿದರೆ ನೀರು. ಮೂರು ಚದರ ಮೀಟರ್ ಬಿಚ್ಚಿದೆ. 11 ವಾರ ಹಿಡಿಯಿತು. ಫೈಬರ್ ಉಜ್ಜಿದ ಧೂಳಿಗೆ ಮೈಯೆಲ್ಲಾ ನವೆ, ಹಾಸಿಗೆಗೂ ಅಂಟಿ ಮನೆಯವರೆಲ್ಲ ಕೆರೆದುಕೊಂಡರು. ಈಗಲೂ ಮಳೆ ಸದ್ದು ಕೇಳಿದರೆ ಎದ್ದು ಹೋಗಿ ಡೆಕ್ ತಟ್ಟುತ್ತೇನೆ.

ಕೆಜಿ ಲೆಕ್ಕ: ಅದು ಬಾಲ್ಸಾ ತಪ್ಪಲ್ಲ ಸ್ವಾಮಿ, ಕೊರೆದವರ ತಪ್ಪು. ತೂತಿನ ಸುತ್ತ ಕೋರ್ ಕೆರೆದು, ಎಪಾಕ್ಸಿ ತುಂಬಿ, ಅದು ಗಟ್ಟಿಯಾದ ಮೇಲೆ ಅದರ ಮಧ್ಯೆ ಕೊರೆಯಬೇಕು. ಇದು ಯಾರಿಗೆ ಗೊತ್ತಿಲ್ಲ?

ಒದ್ದೆ ಡೆಕ್: ಕೊರೆದದ್ದು ನಾನಲ್ಲ ಅಂತ ಬರೆದಿದ್ದೇನಲ್ಲ. ಓದಿ ಮಾತಾಡಿ.

ಹತ್ತು ಟನ್: ಈ ರಗಳೆಗೇ ನಾನು ಭಾರದ್ದು ತಗೊಂಡಿದ್ದು. ಕ್ಯಾಟಮರಾನ್ ಕೆಳಗೆ ತೂಕಕ್ಕೆ ಅಂತ ಇಳಿಬಿಟ್ಟ ಸೀಸದ ಕೀಲ್ ಇರುವುದಿಲ್ಲ. ಮಗುಚದ ಹಾಗೆ ಹಿಡಿಯೋದು ಅದರ ಅಗಲ ಮತ್ತು ತೂಕ. ತೂಕ ತೆಗೆದರೆ ಏನು ಉಳಿಯಿತು? ಒಮ್ಮೆ ಮಗುಚಿದರೆ ತಾನಾಗಿ ಏಳುವುದಿಲ್ಲ. ಹೋದ ವರ್ಷ ತೇಲುತ್ತಿದ್ದ ದಿಮ್ಮಿಗೆ ಗುದ್ದಿದೆ, ಒಂದು ಗೀರು ಬಿತ್ತು ಅಷ್ಟೇ. 400 ಲೀಟರ್ ನೀರು, 400 ಲೀಟರ್ ಡೀಸೆಲ್ ತುಂಬಿಸಿಯೇ ಹೊರಡುತ್ತೇನೆ. ತಕ್ಕಡಿ ಹಿಡಿದು ಸಂಸಾರ ಮಾಡೋಕೆ ನನ್ನ ಕೈಲಾಗದು.

ಕೆಜಿ ಲೆಕ್ಕ: ತಕ್ಕಡಿ ಮಾತು ನನಗೇನಾ? ನಿಮ್ಮ ಭಾರ ಎಳೆಯೋಕೆ ಹಾಯಿನೂ ದೊಡ್ಡದೇ ಅಲ್ವಾ? ಜೋರು ಗಾಳಿ ಬೀಸಿದಾಗ ಹಗುರದ್ದು ಮುಂದಕ್ಕೆ ಓಡಿ ಏಟು ತಪ್ಪಿಸಿಕೊಳ್ಳುತ್ತದೆ, ನಿಮ್ಮದು ನಿಂತಲ್ಲೇ ತಿನ್ನುತ್ತದೆ, ಆ ಎಳೆತವೆಲ್ಲ ಮಾಸ್ಟಿನ ತಂತಿಗಳ ಮೇಲೆ. ಗಟ್ಟಿತನ ತೂಕದಿಂದ ಬರಲ್ಲ ಸಾರ್. ಫೈಬರನ್ನು ಎರಡು ಪದರ ಮಾಡಿ ಮಧ್ಯೆ ಅಷ್ಟೇ ದಪ್ಪದ ಫೋಮ್ ಇಟ್ಟರೆ, ಬಾಗದೆ ನಿಲ್ಲೋ ಶಕ್ತಿ ಸುಮಾರು 7 ಪಟ್ಟು ಏರುತ್ತದೆ. ತೂಕ ಏರೋದು ಚೂರೇ ಚೂರು. ಹಾಯಿ ಬೇಗ ಕುಗ್ಗಿಸಬೇಕು ಅನ್ನೋದು ನಿಜ, ಒಪ್ಪುತ್ತೇನೆ. ನಾನು 17 ನಾಟ್‌ಗೇ ಮೊದಲ ರೀಫ್ ಹಾಕುತ್ತೇನೆ. ನಿಮ್ಮ ಮಾಸ್ಟಿನ ತಂತಿ ಬದಲಾಯಿಸಿದ ಖರ್ಚು ಎಷ್ಟಾಯಿತು, ಅದನ್ನೂ ಹೇಳಿ.

ಹತ್ತು ಟನ್: ಅದು ಹಳೇದಾಗಿತ್ತು, ಹೇಗಿದ್ದರೂ ಬದಲಾಯಿಸಬೇಕಿತ್ತು.

ಹಗ್ಗ ಮತ್ತು ಪ್ಲೈ: ಫೋಮ್ ಇಲ್ಲದಿದ್ದರೆ ದೋಣಿ ತೇಲಲ್ಲ ಅನ್ನೋ ಹಾಗೆ ಮಾತಾಡುತ್ತೀರಿ. ದೋಣಿ ವಿನ್ಯಾಸಕ ಜೇಮ್ಸ್ ವಾರ್‌ರಮ್ 1950ರ ದಶಕದಲ್ಲೇ ತಾವೇ ಕಟ್ಟಿದ ಕ್ಯಾಟಮರಾನಿನಲ್ಲಿ ಅಟ್ಲಾಂಟಿಕ್ ದಾಟಿದರು. ನಾನು ನಾಲ್ಕು ವರ್ಷ ಕೂತು ಪ್ಲೈವುಡ್‌ನಲ್ಲಿ ಕಟ್ಟಿದೆ. ಮೂರನೇ ವರ್ಷ ಎಪಾಕ್ಸಿ ಅಲರ್ಜಿ ಆಗಿ ಮುಖ ಊದಿ ಕಣ್ಣೇ ಕಾಣುತ್ತಿರಲಿಲ್ಲ, ಆದರೂ ಬಿಡಲಿಲ್ಲ. ಎರಡು ಒಡಲು ಸೇರಿಸೋ ಅಡ್ಡತೊಲೆಗೆ ಬೋಲ್ಟ್ ಇಲ್ಲ, ಹಗ್ಗದ ಬಿಗಿತ. ಕಟ್ಟುಮರ ಅಂದರೇ ಕಟ್ಟಿದ ಮರ.

ಒದ್ದೆ ಡೆಕ್: ಕಟ್ಟುಮರ ತಮಿಳಿನ ಪದ, ದಿಮ್ಮಿ ಕಟ್ಟಿದ ತೆಪ್ಪ ಅದು. ಎರಡು ಒಡಲಿನ ದೋಣಿ ಪೆಸಿಫಿಕ್ ದ್ವೀಪದವರದ್ದು.

ಹಗ್ಗ ಮತ್ತು ಪ್ಲೈ: ಪದದ ಅರ್ಥ ಹೇಳಿದೆ, ಚರಿತ್ರೆ ಹೇಳಲಿಲ್ಲ. ಚರಿತ್ರೆ ಬೇಕಾ? 1876ರಲ್ಲಿ ಅಮೆರಿಕದ ದೋಣಿ ವಿನ್ಯಾಸಕ ಹೆರೆಶಾಫ್ ಅವರ ಹಗುರ ಕ್ಯಾಟಮರಾನ್ ಅಮರಿಲ್ಲಿಸ್ ನ್ಯೂಯಾರ್ಕ್ ರೇಸಿನಲ್ಲಿ ಗೆದ್ದಾಗ ಸೋತವರು ದೂರು ಕೊಟ್ಟು ಅನರ್ಹ ಮಾಡಿಸಿದರು. ಭಾರದ ದೋಣಿಯವರ ಹೊಟ್ಟೆಉರಿ ಆಗಿನಿಂದಲೇ ಇದೆ.

ಹತ್ತು ಟನ್: ಯಾರಿಗ್ರೀ ಹೊಟ್ಟೆಉರಿ?

ಹೊಸ ಹಾಯಿ: ಎಲ್ಲರಿಗೂ ಥ್ಯಾಂಕ್ಸ್. ನಾಯಿ ವಿಷಯ ಯಾರಾದರೂ ಹೇಳುತ್ತೀರಾ?

ಕೆಜಿ ಲೆಕ್ಕ: ನಾಯಿ ಎಷ್ಟು ಕೆಜಿ?