ಸಾವಿನ ಮನೆಯಲ್ಲಿ ಕೊಡುವ ದುಡ್ಡಿಗೆ ನಿಮ್ಮ ಕಡೆ ಏನಂತಾರೆ?

ಗೆಳೆಯರೇ, ಒಂದು ಪದ ಬೇಕಾಗಿದೆ. ಅಮ್ಮನ ಜೊತೆ ಫೋನಿನಲ್ಲಿ ಮಾತಾಡುವಾಗ ಸಿಕ್ಕಿಹಾಕಿಕೊಂಡೆ, ಇನ್ನೂ ಬಿಡಿಸಿಕೊಂಡಿಲ್ಲ.

ನಾನಿರುವುದು ಸಿಂಗಪುರದಲ್ಲಿ, ಸರ್ಕಾರಿ ವಸತಿ ಕಟ್ಟಡವೊಂದರ 9ನೇ ಮಹಡಿಯಲ್ಲಿ. ಇಲ್ಲಿ ಇಂಥ ಕಟ್ಟಡಗಳ ಕೆಳಗೆ, ಕಂಬಗಳ ನಡುವೆ, ಜಾಗ ಖಾಲಿ ಬಿಟ್ಟಿರುತ್ತಾರೆ. ವಾಯ್ಡ್ ಡೆಕ್ ಅಂತಾರೆ. ಮಲಯರ ಮದುವೆಯೂ ಅಲ್ಲೇ, ಚೀನೀಯರ ಸಾವೂ ಅಲ್ಲೇ. ಕಳೆದ ತಿಂಗಳು ಪಕ್ಕದ ಮನೆಯ, ಹೊಕ್ಕಿಯೆನ್ ಅನ್ನುವ ಚೀನೀ ಭಾಷೆ ಆಡುವ ಅಜ್ಜಿ ತೀರಿಕೊಂಡರು. ಪೆಟ್ಟಿಗೆ 5 ದಿನ ಅಲ್ಲೇ ಇತ್ತು. ಮೂರು, ಐದು, ಏಳು, ಹೀಗೆ ಬೆಸ ಲೆಕ್ಕವೇ ಆಗಬೇಕಂತೆ. ಮಗನ ಬಲತೋಳಿಗೆ ಪಿನ್ ಹಾಕಿದ ಕಪ್ಪು ಬಟ್ಟೆಯ ಚೂರು, ಮೊಮ್ಮಕ್ಕಳಿಗೆ ನೀಲಿ. ಸತ್ತವರು ಗಂಡಸಾಗಿದ್ದರೆ ಎಡತೋಳಿಗೆ. ಅಜ್ಜಿಗೆ 89, ಆದರೆ ಅಲ್ಲಿ ತೂಗುಹಾಕಿದ್ದ ಲಾಟೀನಿನ ಮೇಲೆ ವಯಸ್ಸು ಅಂತ ಬರೆದದ್ದು 92. ಆಕಾಶಕ್ಕೊಂದು, ಭೂಮಿಗೊಂದು, ಮನುಷ್ಯನಿಗೊಂದು ಅಂತ ಮೂರು ವರ್ಷ ಸೇರಿಸುತ್ತಾರೆ.

ನಾನು ಬಿಳಿ ಕವರಿನಲ್ಲಿ 50 ಡಾಲರ್ ಹಾಕಿಕೊಂಡು ಹೊರಟಿದ್ದೆ. ಲಿಫ್ಟಿನಲ್ಲಿ ಎದುರು ಮನೆಯ ಆಂಟಿ ಸಿಕ್ಕರು. ಎಷ್ಟು ಹಾಕಿದ್ದೀಯ ಅಂತ ಕೇಳಿದರು. ಹೇಳಿದೆ. ಮರುಮಾತಿಲ್ಲದೆ ತಮ್ಮ ಪರ್ಸಿನಿಂದ ಒಂದು ಡಾಲರ್ ನಾಣ್ಯ ತೆಗೆದು ನನ್ನ ಕವರಿನೊಳಗೆ ಇಳಿಸಿದರು. ಸಮ ಸಂಖ್ಯೆ ಮದುವೆಗೆ, ಅದೂ ಕೆಂಪು ಕವರಿನಲ್ಲಿ. ಸಾವಿಗೆ ಬೆಸವೇ ಆಗಬೇಕು, ದುಃಖ ಜೋಡಿಯಾಗಿ ಬರಬಾರದು ಅಲ್ವಾ ಅಂದರು. ನನಗೆ ನಗು ತಡೆದುಕೊಳ್ಳುವುದೇ ಕಷ್ಟವಾಯಿತು. 51 ಅಂದರೆ ನಮ್ಮಲ್ಲಿ ಅಪ್ಪಟ ಮದುವೆ ಲೆಕ್ಕ! ಒಂದು ರೂಪಾಯಿ ಅಂಟಿಸಿದ ಕವರೇ ನಮ್ಮೂರ ಅಂಗಡಿಯಲ್ಲಿ ಸಿಗುತ್ತದೆ.

ಕೆಳಗೆ ಮೇಜಿನ ಹತ್ತಿರ ಒಬ್ಬ ಹುಡುಗ ಕವರು ತಗೊಂಡು, ಹೆಸರು, ಮೊತ್ತ ಎರಡನ್ನೂ ಪುಸ್ತಕದಲ್ಲಿ ಬರೆದುಕೊಂಡ. ನಾಳೆ ನನ್ನ ಮನೆಯಲ್ಲಿ ಸಾವಾದರೆ ಅವರು ಈ ಪುಸ್ತಕ ನೋಡಿಕೊಂಡು ಕೊಡುತ್ತಾರೆ. ಕೈಗೊಂದು ಕೆಂಪು ದಾರ ಕೊಟ್ಟರು, ಮನೆ ಸೇರುವ ಮೊದಲೇ ಬಿಸಾಡಬೇಕು. ಹೊರಡುವಾಗ ಯಾರೂ ಕಳಿಸಿಕೊಡಲು ಎದ್ದು ಬರಲಿಲ್ಲ. ಮತ್ತೆ ಸಿಗೋಣ ಅಂತ ನಾವೂ ಹೇಳಬಾರದು. ಅದನ್ನು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಸಾವಿನ ಮನೆಯಲ್ಲಿ 'ಹೋಗಿ ಬರ್ತೀನಿ' ಅನ್ನಬಾರದು ಅಂತ ಅಮ್ಮ ಚಿಕ್ಕಂದಿನಲ್ಲೇ ತೊಡೆಗೆ ಚಿವುಟಿ ಹೇಳಿಕೊಟ್ಟಿದ್ದಾರೆ.

ಈಗ ಪದದ ವಿಷಯ. ಆ ದುಡ್ಡಿಗೆ ಹೊಕ್ಕಿಯೆನ್‌ನಲ್ಲಿ ಪೆಕ್ ಕಿಮ್ ಅಂತಾರೆ. ಪದಕ್ಕೆ ಪದ ಇಟ್ಟರೆ ಬಿಳಿ ಚಿನ್ನ. ಕನ್ನಡದಲ್ಲಿ 'ಬಿಳಿ ಹಣ' ಅಂದರೆ ಕೆಟ್ಟಿತು, ತೆರಿಗೆ ಕಟ್ಟಿದ ದುಡ್ಡಾಗುತ್ತದೆ. 'ಬಿಳಿಹೊನ್ನು' ಚೆನ್ನಾಗಿದೆ. ಹೊನ್ನು ಚಿನ್ನವೂ ಹೌದು, ಹಳೇ ಕಾಲದ ನಾಣ್ಯವೂ ಹೌದು. ಆದರೆ ಅಮ್ಮನಿಗೆ ಹಾಗೆ ಹೇಳಿದರೆ ಯಾವ ನಾಟಕದ ಮಾತು ಇದು ಅಂತಾರೆ.

ನನ್ನ ಬಾಯಿಗೆ ತಾನಾಗಿ ಬಂದದ್ದು 'ಮುಯ್ಯಿ'. ಅಮ್ಮ ತಕ್ಷಣ, "ಸಾವಿನ ಮನೆಗೆ ಮುಯ್ಯಿ ಅಂತೀಯಲ್ಲೋ, ಬಿಡ್ತು ಅನ್ನು" ಅಂದರು. ಅಂದೆ. ಆದರೂ ಒಪ್ಪಲು ಮನಸ್ಸಿಲ್ಲ. ಮುಯ್ಯಿ ಅಂದರೆ ತಿರುಗಿ ಕೊಡುವುದು, ಅಷ್ಟೇ. ಹಗೆ ತೀರಿಸುವುದಕ್ಕೂ ಮುಯ್ಯಿ ತೀರಿಸುವುದು ಅಂತಲೇ ಅನ್ನುತ್ತೇವೆ. ಹಾಗಿದ್ದ ಮೇಲೆ ಅದು ಬರೀ ಮಂಗಳದ ಪದ ಹೇಗಾಗುತ್ತದೆ? ಪುಸ್ತಕದಲ್ಲಿ ಬರೆದಿಟ್ಟು ವಾಪಸ್ ಕೊಡುವ ಈ ದುಡ್ಡಿಗೆ ಅದಕ್ಕಿಂತ ಒಪ್ಪುವ ಪದ ನನಗಂತೂ ಕಾಣುತ್ತಿಲ್ಲ. ನಮ್ಮಲ್ಲೂ ನೆಂಟರು ಸಾವಿನ ಮನೆಯವರ ಕೈಗೆ ದುಡ್ಡು ತುರುಕುವುದುಂಟು. 'ಖರ್ಚಿಗಿರಲಿ' ಅಂತಾರೆ, ಹೆಸರು ಹೇಳುವುದಿಲ್ಲ.

ಇನ್ನೊಂದು ಸಣ್ಣ ಪ್ರಶ್ನೆ. ಪೆಟ್ಟಿಗೆಯ ಪಕ್ಕದಲ್ಲಿ ಕಡಲೆಕಾಯಿ ಸುಲಿಯುತ್ತಾ, ಇಸ್ಪೀಟಾಡುತ್ತಾ ರಾತ್ರಿ ಕಳೆಯುವ ಆ 5 ದಿನಗಳಿಗೆ ಏನನ್ನಬೇಕು? ತಿಥಿ ಆಮೇಲಿನದು. ಅಂತ್ಯಕ್ರಿಯೆ ಕೊನೆಯ ದಿನದ್ದು. 'ಹೆಣ ಕಾಯೋದು' ಸರಿಯಾಗಿ ಕೂರುತ್ತದೆ, ಆದರೆ ಆ ಮನೆಯವರ ಮುಂದೆ ಆಡುವ ಮಾತಲ್ಲ.

ನಿಮ್ಮ ಕಡೆ ಬೇರೆ ಪದ ಇದ್ದರೆ ತಿಳಿಸಿ. ಊರಿನ ಹೆಸರನ್ನೂ ಬರೆಯಿರಿ. ಅಮ್ಮ ಮೊದಲು ಕೇಳುವುದೇ ಅದು.